ಪಕ್ಕದ ಸೀಟಿನ ಬ್ರೇಕು

ಜುಲೈ 7, ಸೋಮವಾರ

ಐದು ಕ್ಲಾಸು. ಆರೂವರೆಗೆ ಟೀಚರಮ್ಮ — ಪರವಾಗಿಲ್ಲ, ರಿವರ್ಸ್ ಬಂತು. ಏಳೂವರೆಗೆ ಅಕ್ಕ ತಂಗಿ — ಒಬ್ಬಳು ಓಡಿಸುತ್ತಾಳೆ, ಇನ್ನೊಬ್ಬಳು ಹಿಂದೆ ಕೂತು ಕಿರುಚುತ್ತಾಳೆ, ಆಮೇಲೆ ಅದಲುಬದಲು. ಹತ್ತಕ್ಕೆ ನಮ್ಮ ಪಾಸ್ಟರ್. ಮೂರು ಸಲ ಟೆಸ್ಟ್ ಫೇಲ್, ಈಗ ನಾಲ್ಕನೆಯದಕ್ಕೆ ತಯಾರಿ. ಇವತ್ತು ಹನ್ನೊಂದು ಸಲ ಇಂಜಿನ್ ಆಫ್ ಮಾಡಿದರು. ಕ್ಲಚ್ಚೇ ಸರಿಯಿಲ್ಲ ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ... ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ. ಭಾನುವಾರ ಚರ್ಚಿನಲ್ಲಿ ಅವರ ಪ್ರಸಂಗಕ್ಕೆ ನಾನು ಮುಂದಿನ ಬೆಂಚಿನಲ್ಲೇ ತೂಕಡಿಸುತ್ತೇನೆ, ಅವರೂ ಏನೂ ಅನ್ನುವುದಿಲ್ಲವಲ್ಲ.

ನನ್ನ ಕಾಲಡಿಯ ಬ್ರೇಕನ್ನು ಒಂಬತ್ತು ಸಲ ಒತ್ತಿದೆ. ಡ್ರೈವಿಂಗ್ ಸ್ಕೂಲಿನ ಕಾರು ಎಂದರೆ ಅದೇ ವಿಶೇಷ — ಓಡಿಸುವವರಿಗೆ ಒಂದು ಬ್ರೇಕು, ಪಕ್ಕ ಕೂತ ಮೇಷ್ಟ್ರಿಗೆ ಇನ್ನೊಂದು. ಅದಿಲ್ಲದಿದ್ದರೆ ಇಪ್ಪತ್ತೊಂಬತ್ತು ವರ್ಷದಲ್ಲಿ ಊರಿನ ಅರ್ಧ ಕಾಂಪೌಂಡ್ ಗೋಡೆಗಳು ಉಳಿಯುತ್ತಿರಲಿಲ್ಲ.

ಮಧ್ಯಾಹ್ನದ ಕ್ಲಾಸಿನಲ್ಲಿ ಮುಂದಿನ ಗಾಜಿನ ಮೂಲೆಯಲ್ಲಿ ಕೊಳೆ ಕಂಡಿತು. ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ವೈಪರ್ ಹಾಕು ಅಂದೆ. "ಗ್ಲಾಸ್ ಕ್ಲೀನಾಗೇ ಇದೆಯಲ್ಲ ಸಾರ್" ಅಂದಳು ಹುಡುಗಿ. ಹೇಳಿದಷ್ಟು ಮಾಡು ಎಂದು ರೇಗಿದೆ. ನೀರು ಚಿಮ್ಮಿಸಿ ಮೂರು ಸಲ ಒರೆಸಿತು. ಕೊಳೆ ಅಲ್ಲೇ ಕೂತಿತ್ತು. ನಾಳೆ ಸೋಪು ಹಾಕಿ ತೊಳೆಯಬೇಕು.

ಜುಲೈ 9, ಬುಧವಾರ

ಕೊಳೆ ಗಾಜಿನದಲ್ಲ. ನನ್ನ ಜೊತೆ ಮನೆಗೂ ಬಂತು. ಗೋಡೆಯ ಮೇಲಿದೆ, ಊಟದ ತಟ್ಟೆಯ ಮೇಲಿದೆ, ಇವಳ ಮುಖದ ಮೇಲೂ ಇದೆ.

ಇವಳು ಹೊಲಿಗೆ ಮಿಷನ್ ಬಿಟ್ಟು ಎದ್ದು ಬಂದಳು. "ರೀ, ಒಂದೊಂದೇ ಕಣ್ಣು ಮುಚ್ಚಿ ನೋಡಿ." ಎಡಗಣ್ಣು ಮುಚ್ಚಿದೆ. ಇವಳ ಅರ್ಧ ಮುಖ ಮಾಯ. ಮೂಗಿನಿಂದ ಕೆಳಗೆ ಕಪ್ಪು ಪರದೆ.

"ಮೂರು ದಿನದಿಂದ ಹೀಗೇನಾ? ಮೂರು ದಿನದಿಂದ ಕಾರಿನ ಗಾಜು ತೊಳೀತಿದ್ದೀರಾ?"

ಹೂಂ ಅಂದೆ. ಇವಳಿಗೆ ನಗು ಬಂತು, ಆಮೇಲೆ ಅಳು ಬಂತು, ಆಮೇಲೆ ಚಪ್ಪಲಿ ಹಾಕಿಕೊಂಡು ಕಣ್ಣಿನ ಆಸ್ಪತ್ರೆಗೆ ಹೆಸರು ಬರೆಸಲು ಹೋದಳು. ನಾಳೆಯ ಕ್ಲಾಸು ಎಲ್ಲ ಕ್ಯಾನ್ಸಲ್.

ಜುಲೈ 15, ಮಂಗಳವಾರ

ಅಕ್ಷರ ಸೊಟ್ಟಪಟ್ಟ. ಇರಲಿ, ಓದುವವರು ಯಾರು.

ಬಲಗಣ್ಣಿನ ಒಳಪರದೆ ಕಿತ್ತುಬಂದಿತ್ತಂತೆ. ಶುಕ್ರವಾರ ಆಪರೇಷನ್ ಮಾಡಿ ಅಂಟಿಸಿದರು. ಕಣ್ಣಿನೊಳಗೆ ಗ್ಯಾಸಿನ ಗುಳ್ಳೆ ಬಿಟ್ಟಿದ್ದಾರೆ. ಗುಳ್ಳೆಯ ಗುಣ ಮೇಲಕ್ಕೇರುವುದು, ಪರದೆ ಇರುವುದು ಕಣ್ಣಿನ ಹಿಂದೆ. ಹಾಗಾಗಿ ನಾನು ಮುಖ ಕೆಳಗೆ ಹಾಕಿದ್ದರೆ ಮಾತ್ರ ಗುಳ್ಳೆ ಪರದೆಯನ್ನು ಒತ್ತಿ ಹಿಡಿದುಕೊಂಡಿರುತ್ತದೆ. ಹತ್ತು ದಿನ. ಊಟ, ನಿದ್ದೆ, ಕಾಫಿ, ಎಲ್ಲ ನೆಲ ನೋಡಿಕೊಂಡೇ. ಮೇಜಿನ ಅಂಚಿಗೆ ಎರಡು ದಿಂಬು, ದಿಂಬಿನ ಮೇಲೆ ಹಣೆ, ಮಡಿಲಲ್ಲಿ ಈ ಪುಸ್ತಕ. ಇಪ್ಪತ್ತೊಂಬತ್ತು ವರ್ಷ ಎಲ್ಲರಿಗೂ "ತಲೆ ಎತ್ತಿ, ದೂರ ನೋಡಿ" ಎಂದು ಕಿರುಚಿದವನಿಗೆ ಈ ಶಿಕ್ಷೆ.

ಪರದೆ ಅಂಟಿತೋ ಇಲ್ಲವೋ ಗೊತ್ತಾಗಲು ಆರು ವಾರ. ಅಂಟಿದರೆ ಮತ್ತೆ ಕಾರು. ಅಂಟದಿದ್ದರೆ ಸ್ಕೂಲಿಗೆ ಬೀಗ. ಒಂದೇ ಕಣ್ಣಿನ ಮೇಷ್ಟ್ರ ಪಕ್ಕ ಯಾರು ಕೂರುತ್ತಾರೆ? ನನಗೆ ಬೇರೆ ಕಸುಬು ಬರುವುದಿಲ್ಲ. ಮೊಳೆ ಹೊಡೆದರೆ ಹೆಬ್ಬೆರಳಿಗೇ ಹೊಡೆದುಕೊಳ್ಳುತ್ತೇನೆ.

ದೇವರ ಮೇಲೆ ಕೋಪ ಬಂದಿದೆ. ಬರೆದೇ ಬಿಡುತ್ತೇನೆ. ಕಲಿಯುವವರ ಪಕ್ಕ ಕೂತಾಗ ನನ್ನ ಕಾಲು ಯಾವಾಗಲೂ ಬ್ರೇಕಿನ ಮೇಲೆ. ಒಂದು ದಿನವೂ ತಪ್ಪಿಲ್ಲ. ತಂದೆಯೇ, ನೀನೂ ನನ್ನ ಪಕ್ಕದಲ್ಲೇ ಕೂತಿದ್ದೆಯಲ್ಲ? ನಿನ್ನ ಕಾಲಡಿಯೂ ಬ್ರೇಕ್ ಇತ್ತಲ್ಲ? ಯಾಕೆ ಒತ್ತಲಿಲ್ಲ? ನಾನು ಹೀಗೆ ಕೆಲಸ ಮಾಡಿದ್ದರೆ ಲೈಸೆನ್ಸ್ ಕಿತ್ತುಕೊಂಡು ಮನೆಗೆ ಕಳಿಸುತ್ತಿದ್ದರು.

ಬರೆದಾಯಿತು. ಸಿಡಿಲೇನೂ ಬಡಿಯಲಿಲ್ಲ. ಕುತ್ತಿಗೆ ಮಾತ್ರ ನೋಯುತ್ತಿದೆ.

ಜುಲೈ 16, ಬುಧವಾರ

ಚರ್ಚಿನ ಸಭೆಯವರು ನೋಡಲು ಬರುತ್ತಿದ್ದಾರೆ. ನನಗೆ ಕಾಣುವುದು ಪಾದ ಮಾತ್ರ, ಅದೂ ಎಡಗಣ್ಣಿಗೆ. ಈಗ ಪಾದದಲ್ಲೇ ಗುರುತು ಹಿಡಿಯುತ್ತೇನೆ. ಉಗುರಿನ ಸಂದಿಯಲ್ಲಿ ಕಪ್ಪು ಇದ್ದರೆ ಮೆಕ್ಯಾನಿಕ್ — ಊರೆಲ್ಲ ಗ್ರೀಸ್ ಅಂತಲೇ ಕರೆಯುತ್ತದೆ, ಭಾನುವಾರ ಇಸ್ತ್ರಿ ಅಂಗಿ ಹಾಕಿ ಹಿಂದಿನ ಬೆಂಚಿನಲ್ಲಿ ಕೂರುವವನು. ಊರುಗೋಲು, ಎರಡು ಬಣ್ಣದ ಕಾಲುಚೀಲ — ಆಮೆನ್ ಅಜ್ಜಿ. ಚರ್ಚಿನಲ್ಲಿ ಯಾರು ಏನೇ ಹೇಳಲಿ, ಮೊದಲ ಆಮೆನ್ ಅವರದು. ಸೂಪು ತಂದಿದ್ದರು. ಸ್ಟ್ರಾ ಹಾಕಿ ಕುಡಿದೆ.

"ಎಲ್ಲ ಒಳ್ಳೇದಕ್ಕೇ ಕಣಪ್ಪ" ಅಂದರು.

"ಏನು ಒಳ್ಳೇದು ಅಜ್ಜಿ?" ಅಂದೆ ರೇಗಿ.

ಊರುಗೋಲು ಒಮ್ಮೆ ನೆಲಕ್ಕೆ ಕುಟ್ಟಿತು. "ಅದು ನನಗೇನು ಗೊತ್ತು. ಸೂಪು ಚೆನ್ನಾಗಿದೆಯಾ ಹೇಳು."

ಚೆನ್ನಾಗಿತ್ತು.

ಜುಲೈ 17, ಗುರುವಾರ

ಇವತ್ತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಕಣ್ಣಿಗೆ ಒಳ್ಳೆಯದೋ ಕೆಟ್ಟದೋ ಗೊತ್ತಿಲ್ಲ.

ಪಾಸ್ಟರ್ ಬಂದರು. ಪಾಲಿಶ್ ಮಾಡಿದ ಕಪ್ಪು ಶೂ ನನ್ನ ಸುತ್ತ ಎರಡು ಸುತ್ತು ಹಾಕಿತು. "ಸಾರ್, ನಿಮ್ಮ ಮುಖವೇ ಕಾಣ್ತಿಲ್ಲ, ಮಾತಾಡೋದು ಹೇಗೆ?" ದಡಬಡ ಸದ್ದಾಯಿತು. ನೋಡಿದರೆ ಬಿಳಿ ಅಂಗಿಯಲ್ಲಿ ಮೇಜಿನ ಕೆಳಗೆ ಅಂಗಾತ ಮಲಗಿದ್ದಾರೆ! ಮುಖ ನೆಟ್ಟಗೆ ನನ್ನ ಮುಖದ ಕೆಳಗೆ.

"ಪಾಸ್ಟರೇ, ಇದೇನಿದು?"

"ಗ್ರೀಸ್ ಕಾರಿನ ಕೆಳಗೆ ಮಲಗ್ತಾನಲ್ಲ, ಹಾಗೆ. ಈಗ ಹೇಳಿ ಸಾರ್, ಎಲ್ಲಿ ಸೋರ್ತಿದೆ?"

ನಕ್ಕು ನಕ್ಕು, ಆಮೇಲೆ ನಗು ನಿಲ್ಲಲಿಲ್ಲ, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಬ್ರೇಕಿನ ವಿಷಯ ಪೂರ್ತಿ ಹೇಳಿದೆ. ದೇವರ ಕಾಲಡಿ ಬ್ರೇಕ್ ಇದ್ದರೂ ಒತ್ತಲಿಲ್ಲ ಅಂತ. ಪ್ರಸಂಗ ಶುರು ಮಾಡುತ್ತಾರೆ ಎಂದುಕೊಂಡಿದ್ದೆ.

"ಯಾಕೆ ಒತ್ತಲಿಲ್ಲವೋ ನನಗೆ ಗೊತ್ತಿಲ್ಲ ಸಾರ್."

"ಪಾಸ್ಟರಾಗಿ ಗೊತ್ತಿಲ್ಲ ಅಂದ್ರೆ?"

"ಕ್ಲಚ್ ಯಾವಾಗ ಬಿಡಬೇಕು ಅನ್ನೋದೇ ನನಗೆ ಗೊತ್ತಿಲ್ಲ. ದೇವರ ಕಾಲಿನ ವಿಷಯ ನಾನೇನು ಹೇಳಲಿ? ನೀವು ಅವನನ್ನೇ ಕೇಳ್ತಿರಿ. ರೇಗಿಯೇ ಕೇಳಿ. ನಾನು ಇಲ್ಲೇ ಮಲಗಿರ್ತೀನಿ."

ಅಲ್ಲಿಂದಲೇ ಪ್ರಾರ್ಥನೆ ಮಾಡಿದರು. ನನ್ನ ಕಣ್ಣಿನ ಔಷಧಿಯೋ ನೀರೋ, ಅವರ ಕನ್ನಡಕದ ಮೇಲೆ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲಿಲ್ಲ. ಆಮೆನ್ ಅಂದು ಎದ್ದವರೇ ಹಣೆಯನ್ನು ಮೇಜಿಗೆ ಚಚ್ಚಿಕೊಂಡರು. ಇವಳು ಅಡುಗೆಮನೆಯಿಂದ ಐಸ್ ತಂದಳು.

ಅವರು ಹೋದ ಮೇಲೂ ಒಬ್ಬನೇ ನಗುತ್ತಿದ್ದೆ. ಕೋಪ ಹೋಗಿಲ್ಲ. ಆದರೆ ಕೋಪದ ಜೊತೆ ಒಬ್ಬನೇ ಇಲ್ಲ.

ಜುಲೈ 19, ಶನಿವಾರ

ಇವಳು ನೆಲದ ಮೇಲೆ ಕೂತು, ಬಟನ್ ಹೊಲಿಯುತ್ತಾ ಹೇಳಿದಳು. ಕಾರನ್ನು ಯಾರೋ ಕೇಳಿಕೊಂಡು ಬಂದಿದ್ದಾರೆ. ಆರು ವಾರ ಸುಮ್ಮನೆ ನಿಂತರೆ ಕಾರೂ ಹಾಳು, ಆಮೇಲೆ ಕಣ್ಣು ಕೈಕೊಟ್ಟರೆ ಅದನ್ನು ಇಟ್ಟುಕೊಂಡು ಮಾಡುವುದೇನು. ಅವಳು ಹೇಳುವುದು ಸರಿ. ಸರಿ ಅಂದೆ. ನೆಲದ ಟೈಲ್ಸ್ ಎಣಿಸಿದೆ — ನಲವತ್ತೆರಡು, ಒಂದು ಬಿರುಕು ಬಿಟ್ಟಿದೆ.

ಗ್ರೀಸ್ ಬಂದು ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋದ. ಕೊಳ್ಳುವವರಿಗೆ ಸಾದಾ ಕಾರು ಬೇಕಂತೆ, ಸ್ಕೂಲಿನದ್ದೆಲ್ಲ ತೆಗೆಸಿ ಕೊಡಬೇಕಂತೆ. ಗೇಟು ದಾಟುವ ಸದ್ದು ಕೇಳಿತು. ಸೆಕೆಂಡ್ ಗೇರಿಗೆ ತಡ ಮಾಡಿದ, ಗಾಡಿ ಒದರಿತು. ಎದ್ದು ಹೋಗಿ ಬೈಯಬೇಕೆನಿಸಿತು.

ಜುಲೈ 22, ಮಂಗಳವಾರ

ತಲೆ ಎತ್ತಿದೆ!! ನಿನ್ನೆ ಮಧ್ಯಾಹ್ನ ಡಾಕ್ಟರ್ ಸಾಕು ಅಂದರು. ಆಕಾಶ ಎಷ್ಟು ಎತ್ತರದಲ್ಲಿದೆ! ಎದುರುಮನೆಯ ನೀರಿನ ಟ್ಯಾಂಕು ಕೂಡ ಸುಂದರವಾಗಿ ಕಂಡಿತು.

ಬಲಗಣ್ಣಿಗೆ ಗುಳ್ಳೆಯೇ ಕಾಣುತ್ತದೆ. ಬಾಟಲಿಯಲ್ಲಿ ಮುಕ್ಕಾಲು ನೀರು ತುಂಬಿದ ಹಾಗೆ, ನಡೆದರೆ ಕುಲುಕುತ್ತದೆ. ಅದು ದಿನದಿನಕ್ಕೆ ಕರಗಬೇಕು. ಪರದೆ ಕಥೆ ಗುಳ್ಳೆ ಹೋದ ಮೇಲೇ.

ಕಾರು ಕೊಳ್ಳುವವರು ಕೈಬಿಟ್ಟರು. ಅವರ ಮನೆಯವರಿಗೆ ಕೆಂಪು ಕಾರೇ ಬೇಕಂತೆ. ಗ್ರೀಸ್ ಸಂಜೆ ತಂದು ಬಿಟ್ಟ. ಸ್ಕೂಲಿನ ಬೋರ್ಡಿಲ್ಲದೆ ಕಾರಿನ ತಲೆ ಬೋಳು. ಬೋರ್ಡನ್ನು ನಾನೇ ಒಳಗಿಟ್ಟೆ.

ಊಟಕ್ಕೆ ಕೂತಾಗ ಇವಳು ಬಾಂಬ್ ಹಾಕಿದಳು. "ಕಾರು ಹೇಗೂ ಮನೇಲೇ ನಿಂತಿದೆ. ನಾನೇ ಕಲೀತೀನಿ."

ನಕ್ಕುಬಿಟ್ಟೆ. ತಪ್ಪಾಯಿತು.

"ಯಾಕ್ರೀ ನಗ್ತೀರಿ? ಊರಿಗೆಲ್ಲ ಕಲಿಸಿದ್ದೀರಿ. ಇಪ್ಪತ್ತಾರು ವರ್ಷದಿಂದ ನನಗೆ ನಾಳೆ, ನಾಡಿದ್ದು. ಹಿತ್ತಲ ಗಿಡ ಮದ್ದಲ್ಲ, ಅಷ್ಟೇ."

"ನಿನಗೆ ಈ ವಯಸ್ಸಲ್ಲಿ ಮೂರು ಪೆಡಲ್..."

"ಮೂವತ್ತು ವರ್ಷದಿಂದ ಮಿಷನ್ ತುಳೀತಿದ್ದೀನಿ. ಮಗುವಿನ ಕಾಲರ್ ಹೊಲಿಯೋವಾಗ ಎಷ್ಟು ನಿಧಾನಕ್ಕೆ ತುಳೀಬೇಕು ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ಎಡಗಣ್ಣು ಸರಿಯಿದೆ, ಪಕ್ಕದಲ್ಲಿ ಕೂತು ಹೇಳಿಕೊಡಲು ಅಡ್ಡಿಯಿಲ್ಲ ಎಂದು ಡಾಕ್ಟರನ್ನು ಆಗಲೇ ಕೇಳಿಕೊಂಡು ಬಂದಿದ್ದಾಳೆ. ಲರ್ನರ್ಸ್ ಫಾರ್ಮೂ ತಂದಿದ್ದಾಳೆ.

ಜುಲೈ 29, ಮಂಗಳವಾರ

ಮೊದಲ ಕ್ಲಾಸು. ಚರ್ಚಿನ ಹಿಂದಿನ ಖಾಲಿ ಮೈದಾನ. ನನ್ನ ಸೀಟಿನಲ್ಲಿ ನಾನು! ಆಹಾ, ಆ ಸೀಟಿನ ಹರಿದ ಮೂಲೆ ಬೆನ್ನಿಗೆ ಚುಚ್ಚಿದಾಗ ಸ್ವರ್ಗ.

ಇವಳ ಕ್ಲಚ್ ಕಾಲು ಬೆಣ್ಣೆ. ಇಂಜಿನ್ ಒಮ್ಮೆಯೂ ಆಫ್ ಆಗಲಿಲ್ಲ. ಪಾಸ್ಟರಿಗೆ ಹೇಳಬಾರದು, ನೊಂದುಕೊಳ್ಳುತ್ತಾರೆ. ಸ್ಟೀರಿಂಗ್ ಮಾತ್ರ — ಎತ್ತು ಏರಿಗೆ, ಕೋಣ ನೀರಿಗೆ. ಗಂಟೆಗೋಪುರದ ಕಡೆಗೇ ನುಗ್ಗಿದಳು. ನನ್ನ ಬ್ರೇಕ್ ಒತ್ತಿದೆ, ಕಾರು ನಿಂತಿತು. ಪೆಡಲ್ ಯಾಕೋ ಹಗುರ, ದಿಂಬಿನ ಮೇಲೆ ಕಾಲಿಟ್ಟ ಹಾಗೆ. ಹತ್ತು ದಿನ ತಲೆ ಕೆಳಗೆ ಹಾಕಿದ್ದಕ್ಕೆ ಕಾಲಿನ ಅಂದಾಜೂ ಹೋಗಿರಬೇಕು. ಆದರೂ ಒತ್ತಿದ ಕ್ಷಣಕ್ಕೆ ನಿಂತಿತಲ್ಲ!

"ನೋಡಿದೆಯಾ, ನಾನಿಲ್ಲದಿದ್ದರೆ ಗಂಟೆ ಹೊಡೀತಿದ್ದೆ" ಅಂದೆ. ಇವಳು ನನ್ನ ಮುಖವನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು. "ಹೌದ್ರೀ" ಅಂದಳು.

ಆಗಸ್ಟ್ 4, ಸೋಮವಾರ

ಲರ್ನರ್ಸ್ ಕೈಗೆ ಬಂತು, ತಾರೀಖು ಜುಲೈ 25ರದ್ದೇ. ರೋಡಿಗಿಳಿದೆವು. ನೀರಿಗಿಳಿದ ಮೇಲೆ ಚಳಿಯೇನು. ಸಣ್ಣ ಬೀದಿ, ಶಾಲೆಯ ತಿರುವು, ಮಾರ್ಕೆಟ್ಟಿನ ಹಿಂಭಾಗ. ಮೂರು ಸಲ ನನ್ನ ಬ್ರೇಕು — ಸೈಕಲ್ಲು, ನಾಯಿ, ತರಕಾರಿ ಗಾಡಿ. ಮೂರೂ ಸಲ ಕರಾರುವಾಕ್ಕು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಗುಳ್ಳೆ ಅರ್ಧಕ್ಕಿಳಿದಿದೆ. ಅದರ ಅಂಚಿನ ಗೆರೆಯ ಮೇಲೆ ಮಬ್ಬುಮಬ್ಬಾಗಿ ಲೋಕ ಕಾಣುತ್ತಿದೆ. ಬಣ್ಣಗಳು ಬಂದಿವೆ. ಇವಳ ದುಪಟ್ಟಾ ಹಸಿರು!

ಆಗಸ್ಟ್ 8, ಶುಕ್ರವಾರ

ಇವತ್ತು ಹೊಳೆಯಿತು. ಇವಳು ಓಡಿಸುತ್ತಿದ್ದಳು, ನಾನು ಕಾಲನ್ನು ಪೆಡಲಿನ ಮೇಲಿಟ್ಟು ಹಾಯಾಗಿ ಕೂತಿದ್ದೆ. ಇವಳಿಗೆ ಸಣ್ಣಪುಟ್ಟದ್ದು ತಾಗಬಹುದು, ದೊಡ್ಡದು ತಾಗಲು ನಾನು ಬಿಡುವುದಿಲ್ಲ. ದೇವರೂ ಹಾಗೆಯೇ! ನನ್ನ ಎರಡೂ ಕಣ್ಣು ಹೋಗಲು ಬಿಟ್ಟನೇ? ಇಲ್ಲ. ಒಂದರಲ್ಲೇ ಬ್ರೇಕ್ ಹಾಕಿದ. ಇಷ್ಟು ಸರಳ! ಆ ದಿನ ಬರೆದ ಮಾತಿಗೆ ನಾಚಿಕೆಯಾಯಿತು.

ಭಾನುವಾರ ಚರ್ಚಿನಲ್ಲಿ ಸಾಕ್ಷಿ ಹೇಳುತ್ತೇನೆ, ದೇವರು ನನಗೆ ಮಾಡಿದ್ದನ್ನು ಎಲ್ಲರೆದುರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಎದ್ದು ನಿಂತವನಲ್ಲ.

ಆಗಸ್ಟ್ 10, ಭಾನುವಾರ

ಹೇಳಿದೆ! ಮೈಕ್ ಹಿಡಿದು ಹನ್ನೆರಡು ನಿಮಿಷ! "ಸಹೋದರ ಸಹೋದರಿಯರೇ, ದೇವರ ಕಾಲು ಸದಾ ಬ್ರೇಕಿನ ಮೇಲಿದೆ. ನಮ್ಮನೆಯವಳು ಓಡಿಸುವಾಗ ನನ್ನ ಕಾಲು ಹೇಗೋ ಹಾಗೆ! ನಾನು ಒತ್ತದಿದ್ದರೆ ಇವತ್ತು ಈ ಗಂಟೆಗೋಪುರವೇ ಇರುತ್ತಿರಲಿಲ್ಲ!" ಆಮೆನ್ ಅಜ್ಜಿ ಏಳು ಸಲ ಆಮೆನ್ ಅಂದರು. ಪಾಸ್ಟರ್ ಚೀಟಿಯಲ್ಲಿ ಬರೆದುಕೊಂಡರು.

ಇವಳಿಗೆ ಅದೇ ಹೊತ್ತಿಗೆ ಕೆಮ್ಮು. ಹಿಂದಿನ ಬೆಂಚಿನಲ್ಲಿ ಗ್ರೀಸ್ ಮುಖ ಮುಚ್ಚಿಕೊಂಡು ಭುಜ ಕುಣಿಸುತ್ತಿದ್ದ. ಪಾಪ, ಗಟ್ಟಿ ಗಂಡಸು, ಅತ್ತುಬಿಟ್ಟಿದ್ದಾನೆ. ಸಾಕ್ಷಿ ಎಂದರೆ ಹೀಗಿರಬೇಕು.

ಆಗಸ್ಟ್ 14, ಗುರುವಾರ

ಅಳುತ್ತಿರಲಿಲ್ಲ. ನಗುತ್ತಿದ್ದ.

ಟೆಸ್ಟಿಗೆ ಮುಂಚೆ ಒಮ್ಮೆ ತೋರಿಸೋಣವೆಂದು ಕಾರನ್ನು ಗ್ಯಾರೇಜಿಗೆ ಒಯ್ದೆವು. ಇವಳು ಎದುರಿನ ಅಂಗಡಿಗೆ ದಾರ ತರಲು ಹೋದಳು. ನನ್ನ ಪೆಡಲ್ ಸ್ವಲ್ಪ ಹಗುರ, ಬಿಗಿ ಮಾಡಪ್ಪ ಅಂದೆ. ಗ್ರೀಸ್ ಸ್ಪ್ಯಾನರ್ ಕೆಳಗಿಟ್ಟ. ಕೈ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಸಾರ್... ಬಿಗಿ ಮಾಡೋಕೆ ಅದಕ್ಕೆ ಕೇಬಲ್ಲೇ ಇಲ್ಲವಲ್ಲ."

"ಏನು?"

"ಮಾರೋಕೆ ಅಂತ ಸ್ಕೂಲಿನದ್ದೆಲ್ಲ ತೆಗೀ ಅಂದ್ರಲ್ಲ. ಬೋರ್ಡು ತೆಗೆದೆ, ಕೇಬಲ್ ತೆಗೆದೆ. ಪೆಡಲ್ ತೆಗೆಯೋ ಹೊತ್ತಿಗೆ ಅವರು ಬೇಡ ಅಂದ್ರು. ಮತ್ತೆ ಹಾಕ್ತೀನಿ ಅಂದೆ ಅಕ್ಕಂಗೆ. ಆಮೇಲೆ ಹೇಳ್ತೀನಿ ಅಂದ್ರು. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಸಾರ್..."

ಬಗ್ಗಿ ನೋಡಿದೆ. ಪೆಡಲ್ ಇದೆ, ಸ್ಪ್ರಿಂಗ್ ಇದೆ, ಅದರಾಚೆ ಏನೂ ಇಲ್ಲ. ಗಾಳಿ. ಎರಡು ವಾರ ನಾನು ಗಾಳಿಗೆ ಬ್ರೇಕ್ ಹಾಕಿದ್ದೇನೆ. ಸೈಕಲ್ಲು, ನಾಯಿ, ತರಕಾರಿ ಗಾಡಿ — ಎಲ್ಲ ಉಳಿಸಿದವಳು ಇವಳು. ಆ ಗಂಟೆಗೋಪುರವನ್ನೂ. ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಮೈಕ್ ಹಿಡಿದು! ಹನ್ನೆರಡು ನಿಮಿಷ!

ಇವಳು ದಾರದ ಪೊಟ್ಟಣ ಹಿಡಿದು ಬಂದಳು. ನನ್ನ ಮುಖ ನೋಡಿದ ಕೂಡಲೇ ಗೊತ್ತಾಯಿತು. ನಡೆದುಕೊಂಡೇ ಮನೆಗೆ ಬಂದೆ. ಬೇಕಾದರೆ ಅವಳೇ ಒಬ್ಬಳೇ—

ಇಲ್ಲ, ಒಬ್ಬಳೇ ಓಡಿಸಬಾರದು, ಲರ್ನರ್. ಗ್ರೀಸ್ ಜೊತೆ ಬಂದಳು.

ಆಗಸ್ಟ್ 18, ಸೋಮವಾರ

ನಾಲ್ಕು ದಿನ ಮುಖ ಊದಿಸಿಕೊಂಡಿದ್ದೆ. ನಿನ್ನೆ ಚರ್ಚಿಗೂ ಹೋಗಲಿಲ್ಲ, ತಲೆನೋವು ಅಂದೆ. ನನ್ನ ಸಿಟ್ಟು ಇವಳ ಮೇಲಲ್ಲ ಎಂದು ನನಗೇ ತಡವಾಗಿ ಗೊತ್ತಾಯಿತು. ನನ್ನ ಬ್ರೇಕ್ ಗಾಳಿಗೆ ಕಟ್ಟಿದ್ದು ಸರಿ. ದೇವರದ್ದೂ ಹಾಗೆಯೋ? ಆ ಭಾನುವಾರ ಮೈಕ್ ಹಿಡಿದು ಅಷ್ಟು ಜನರಿಗೆ ಸುಳ್ಳು ಧೈರ್ಯ ಹೇಳಿದೆನೋ? ಶುಕ್ರವಾರ ಡಾಕ್ಟರ್. ಪರದೆ ಅಂಟಿಲ್ಲ ಎಂದರೆ ಯಾವ ಮುಖ ಹೊತ್ತು ಪ್ರಾರ್ಥನೆಗೆ ಕೂರಲಿ?

ಮಧ್ಯಾಹ್ನ ಇವಳು ಮಿಷನ್ ನಿಲ್ಲಿಸಿ ಪಕ್ಕ ಬಂದು ಕೂತಳು.

"ಮೊದಲ ದಿನವೇ ಹೇಳೋಣ ಅಂತಿದ್ದೆ. ನೀವು ಕಾಲು ಒತ್ತಿದ್ರಿ, ನಾನೂ ಒತ್ತಿದೆ, ಕಾರು ನಿಂತಿತು. ನಿಮ್ಮ ಮುಖ ನೋಡಿದೆ. ಎಷ್ಟು ದಿನ ಆದಮೇಲೆ ಅಷ್ಟು ಖುಷಿಯಾಗಿದ್ರಿ. ಬಾಯಿ ಬರಲಿಲ್ಲ ರೀ. ತಪ್ಪೇ."

"ನಿನಗೆ ಹೆದರಿಕೆ ಆಗಲಿಲ್ವಾ? ಪಕ್ಕದ ಬ್ರೇಕ್ ಇಲ್ಲ ಅಂತ ಗೊತ್ತಿದ್ದೂ ರೋಡಿಗಿಳಿದೆಯಲ್ಲ!"

"ಆಗದೇ ಇರುತ್ತಾ? ಕೈಯೆಲ್ಲ ಬೆವರು. ಆದರೆ ನೀವು ಪಕ್ಕದಲ್ಲಿದ್ರಲ್ಲ."

"ನಾನಿದ್ದು ಏನು ಪ್ರಯೋಜನ? ನನ್ನ ಕೈಲಿ ಏನೂ ಇರಲಿಲ್ಲ!"

ಇವಳು ನಕ್ಕಳು. "ನಿಮಗೆ ನಿಮ್ಮ ಮೊಣಕಾಲು ಗೊತ್ತಿಲ್ಲ. ಮುಂದೆ ಏನಾದರೂ ಇದ್ದರೆ ಅದು ಮೊದಲು ಏಳುತ್ತೆ. ಓರೆಗಣ್ಣಲ್ಲಿ ಅದನ್ನೇ ನೋಡ್ಕೊಂಡು ಓಡಿಸಿದೆ. ಎದ್ದರೆ ಒತ್ತೋದು. ಒಂದು ವಾರ ಆದಮೇಲೆ ಅದು ಏಳೋಕೆ ಮುಂಚೆನೇ ಗೊತ್ತಾಗ್ತಿತ್ತು. ನೀವು ಎಲ್ಲಿ ನೋಡ್ತೀರೋ ನಾನೂ ಅಲ್ಲಿ ನೋಡೋದು ಕಲಿತುಬಿಟ್ಟಿದ್ದೆ. ಬ್ರೇಕ್ ಯಾರಿಗೆ ಬೇಕಿತ್ತು? ಆ ಸೀಟು ಖಾಲಿ ಇದ್ದಿದ್ರೆ ನಾನು ಗೇಟೇ ದಾಟ್ತಿರಲಿಲ್ಲ."

ಅವಳ ಬೆರಳಿಗೆ ಇನ್ನೂ ದಾರ ಸುತ್ತಿಕೊಂಡಿತ್ತು. ಬಿಡಿಸಿದೆ.

ಆಮೇಲೆ ಒಬ್ಬನೇ ಕೂತು ಈ ಆರು ವಾರವನ್ನು ಮತ್ತೆ ಓಡಿಸಿ ನೋಡಿದೆ. ಮೇಜಿನ ಕೆಳಗೆ ಬಿಳಿ ಅಂಗಿ. ಸ್ಟ್ರಾ ಹಾಕಿದ ಸೂಪು. ಹತ್ತು ದಿನ ನೆಲದ ಮೇಲೆ ಕೂತೇ ನನ್ನ ಜೊತೆ ಉಂಡ ಇವಳು. ಯಾರೂ ಏನನ್ನೂ ನಿಲ್ಲಿಸಲಿಲ್ಲ. ಯಾರೂ ಎದ್ದು ಹೋಗಲೂ ಇಲ್ಲ. ಇವರನ್ನೆಲ್ಲ ಕಳಿಸಿದವನು ಯಾರು ಎಂದು ನಾನು ಕೇಳಿರಲೇ ಇಲ್ಲ. ಬರೀ ಬ್ರೇಕ್, ಬ್ರೇಕ್, ಬ್ರೇಕ್.

ಬೆಳಿಗ್ಗೆಯಿಂದ ಗುಳ್ಳೆ ಕಾಣುತ್ತಿಲ್ಲ. ಈಗ ಗಮನಿಸಿದೆ. ಹೋಗಿದೆ!

ಆಗಸ್ಟ್ 22, ಶುಕ್ರವಾರ

ಅಂಟಿದೆ!!!

ಡಾಕ್ಟರ್ ದೀಪ ಹಾಕಿ ನೋಡಿದರು, ನೋಡಿದರು, ನೋಡಿದರು... ಇವಳು ನನ್ನ ಕೈಯನ್ನು ಚಿವುಟುತ್ತಲೇ ಇದ್ದಳು. "ಚೆನ್ನಾಗಿ ಕೂತಿದೆ" ಅಂದರು. ಬಲಗಣ್ಣಿನಿಂದ ಅಕ್ಷರದ ಬೋರ್ಡಿನಲ್ಲಿ ನಾಲ್ಕನೇ ಸಾಲಿನವರೆಗೆ ಓದಿದೆ. ಸಾಲು ಸ್ವಲ್ಪ ಅಲೆಅಲೆಯಾಗಿ ಕಾಣುತ್ತದೆ, ಅದು ಹಾಗೇ ಉಳಿಯಬಹುದಂತೆ. ಉಳಿಯಲಿ.

"ಕೂತು ಕಲಿಸಬಹುದು. ನೀವೇ ಓಡಿಸೋದು ಆರು ತಿಂಗಳು ಬೇಡ."

ಅಂದರೆ ಪಕ್ಕದ ಸೀಟು ಮಾತ್ರ. ನನಗೆ ನಗು ತಡೆಯಲಾಗಲಿಲ್ಲ. ಡಾಕ್ಟರ್ ಗಾಬರಿಯಾದರು. ಹೊರಗೆ ಬಂದು, ಪಾರ್ಕಿಂಗಿ​ನಲ್ಲಿ, ಎಲ್ಲರೂ ನೋಡುತ್ತಿರುವಾಗಲೇ ಇಬ್ಬರೂ ಅತ್ತೆವು. ಸ್ತೋತ್ರ ಅಪ್ಪಾ, ಸ್ತೋತ್ರ. ಅಂಟದಿದ್ದರೂ ಹೇಳುತ್ತಿದ್ದೆನೇ? ಹೇಳುತ್ತಿದ್ದೆ, ಸ್ವಲ್ಪ ದಿನ ಬಿಟ್ಟು, ರೇಗಿಕೊಂಡು.

ಆಗಸ್ಟ್ 26, ಮಂಗಳವಾರ

ಇವಳು ಮೊದಲ ಸಲಕ್ಕೇ ಪಾಸ್! ಪರೀಕ್ಷಕರು ಇಳಿದು ಬಂದು, "ಯಾರು ಕಲಿಸಿದ್ದು?" ಅಂದರು. ನಾನು ಎದೆ ಮುಂದೆ ಮಾಡುವಷ್ಟರಲ್ಲಿ ಇವಳು ನನ್ನ ಮೊಣಕಾಲನ್ನು ತೋರಿಸಿದಳು. ಅವರಿಗೇನೂ ಅರ್ಥವಾಗಲಿಲ್ಲ.

ಪಾಸ್ಟರದೂ ಇವತ್ತೇ. ಇಂಜಿನ್ ಒಮ್ಮೆಯೂ ಆಫ್ ಆಗಲಿಲ್ಲ! ಆದರೆ ಹ್ಯಾಂಡ್‌ಬ್ರೇಕ್ ಇಳಿಸದೆ ಇಡೀ ಟೆಸ್ಟ್ ಓಡಿಸಿದರು. ಹೊಗೆ ಬಂತು. ಫೇಲ್. "ಬ್ರೇಕಿನ ಬಗ್ಗೆ ನಿಮ್ಮ ಸಾಕ್ಷಿ ಕೇಳಿದ ಮೇಲೆ ತೆಗೆಯೋಕೆ ಮನಸ್ಸು ಬರಲಿಲ್ಲ ಸಾರ್" ಅಂದರು. ಬಿದ್ದು ಬಿದ್ದು ನಕ್ಕೆವು. ಐದನೆಯದಕ್ಕೆ ಹೆಸರು ಬರೆಸಿದ್ದಾಯಿತು. ಆಗಲೇ ಅವರಿಗೆ ಕೇಬಲ್ಲಿನ ಕಥೆ ಹೇಳಿದೆ. ನಗಲಿಲ್ಲ. "ಇದನ್ನೂ ಹೇಳಬೇಕಲ್ಲ ಸಾರ್, ಭಾನುವಾರ" ಅಂದರು.

ಸಂಜೆ ಗ್ರೀಸ್ ಕೇಬಲ್ ಹಾಕಿ, ಬೋರ್ಡನ್ನೂ ಏರಿಸಿದ. ಕಲಿಯುವವರಿಗೆ ಎರಡೂ ಬ್ರೇಕ್ ಬೇಕೇ ಬೇಕು. ಸೋಮವಾರದಿಂದ ಟೀಚರಮ್ಮ, ಅಕ್ಕ ತಂಗಿ, ಎಲ್ಲರೂ ವಾಪಸ್ಸು.

ಆಗಸ್ಟ್ 31, ಭಾನುವಾರ, ಬೆಳಿಗ್ಗೆ 8.40

ಒಂಬತ್ತಕ್ಕೆ ಆರಾಧನೆ. ಇವಳು ಆಗಲೇ ಕಾರಿನಲ್ಲಿ. ಹಸಿರು ದುಪಟ್ಟಾ, ಜೇಬಿನಲ್ಲಿ ಹೊಸ ಲೈಸೆನ್ಸು. ಆಮೆನ್ ಅಜ್ಜಿಯನ್ನು ದಾರಿಯಲ್ಲಿ ಹತ್ತಿಸಿಕೊಳ್ಳಬೇಕು, ಅವರಿಗೆ ಇವಳ ಗಾಡಿಯಲ್ಲೇ ಬರಬೇಕಂತೆ. ಇವತ್ತು ಎರಡೂ ಕಾಲು ಮಡಚಿಕೊಂಡು ಸೀಟಿನ ಮೇಲೇ ಕೂರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಮೊಣಕಾಲು ಮಾತು ಕೇಳುತ್ತದೋ ಇಲ್ಲವೋ.

ಹೇಳಬೇಕಾದ್ದನ್ನು ಬರೆದುಕೊಂಡು ಹೋಗೋಣ ಅಂತ ಕೂತೆ. ಈ ಸಲ ಎರಡು ನಿಮಿಷ ಸಾಕು.

"ಸಹೋದರ ಸಹೋದರಿಯರೇ, ಹೋದ ಸಲ ತಪ್ಪು ಹೇಳಿದೆ. ನನ್ನ ಬ್ರೇಕಿಗೆ ಕೇಬಲ್ ಇರಲಿಲ್ಲ. ಗ್ರೀಸ್ ಅಳುತ್ತಿರಲಿಲ್ಲ. ದೇವರ ಬ್ರೇಕಿಗೆ ಕೇಬಲ್ ಇದೆ ಎಂದೇ ನಂಬುತ್ತೇನೆ. ನನ್ನ ಕಣ್ಣಿನ ಹೊತ್ತಿಗೆ ಯಾಕೆ ಒತ್ತಲಿಲ್ಲ ಎಂದು ಮುಖಾಮುಖಿ ಕೇಳುವುದಿದೆ, ಬಿಡುವುದಿಲ್ಲ. ಆದರೆ ಮುಖ ಕೆಳಗೆ ಹಾಕಿ ಕೂತ ಆ ಹತ್ತು ದಿನ, ಒಂದು ಗಳಿಗೆಯೂ, ನನ್ನ ಪಕ್ಕದ ಸೀಟು ಖಾಲಿ—"

ಹಾರ್ನ್.

ಮತ್ತೆ ಹಾರ್ನ್. ಬೀದಿಯವರೆಲ್ಲ ಎದ್ದರು. ಬಂದೆ, ಬಂದೆ! ಇಂಡಿಕೇಟರ್ ಹಾಕಿದ್ದೀಯಾ ನೋ—